ಮೂರು ವರ್ಷದ ಸರ್ಟಿಫಿಕೇಟು

ನಮ್ಮ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಇರುವ ಮರ್ಯಾದೆ ಮದುವೆ ಆಲ್ಬಮ್ಮಿಗೂ ಇಲ್ಲ. ಕೈಗೆ ಬಂದ ವಾರದಲ್ಲೇ ಜೆರಾಕ್ಸ್ ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಹೊದ್ದುಕೊಂಡು ಬರುತ್ತದೆ, ಬೀರುವಿನಲ್ಲಿ ಒಡವೆ ಡಬ್ಬಿಯ ಪಕ್ಕ ಜಾಗ ಹಿಡಿಯುತ್ತದೆ, ರಿಟೈರ್ ಆಗುವವರೆಗೂ ಹುಟ್ಟಿದ ತಾರೀಖಿಗೆ ಸಾಕ್ಷಿ ಹೇಳುತ್ತದೆ. ಟೈಪಿಂಗ್ ಜೂನಿಯರ್ ಪಾಸಾದವರ ಸರ್ಟಿಫಿಕೇಟು, ಟೈಪ್‌ರೈಟರುಗಳೆಲ್ಲ ಗುಜರಿ ಸೇರಿದ ಮೇಲೂ, ಗಟ್ಟಿಮುಟ್ಟಾಗಿದೆ. ಇಂಥ ವಾತಾವರಣದಲ್ಲಿ ಬೆಳೆದವರಿಗೆ ಮೂರು ವರ್ಷಕ್ಕೆ ಆಯಸ್ಸು ಮುಗಿಯುವ ಸರ್ಟಿಫಿಕೇಟು ಎಂದರೆ ತಲೆಗೆ ಇಳಿಯುವುದು ಸ್ವಲ್ಪ ಕಷ್ಟ.

ನಮ್ಮ ಭಾವನವರಿಗಂತೂ ಇಳಿಯಲೇ ಇಲ್ಲ. ಅವರ ಮಗ ಬಿ.ಕಾಂ. ಮುಗಿಸಿ, ಐಟಿಗೆ ಹೋಗುತ್ತೇನೆಂದು ಹೊರಟು, ಕಡೂರಿನಿಂದ ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಠಿಕಾಣಿ ಹೂಡಿದ್ದ. ಕಂಪ್ಟಿಯಾ ಎನ್ನುವ ಅಮೆರಿಕದ ಸಂಸ್ಥೆಯ 'ಎ ಪ್ಲಸ್' ಪರೀಕ್ಷೆ ಕಟ್ಟುತ್ತೇನೆ ಅಂದ. ಅವನ ಅಜ್ಜಿ ಅದನ್ನು ರಕ್ತದ ಗುಂಪು ಎಂದುಕೊಂಡು, ಆಸ್ಪತ್ರೆಗೆ ಯಾರನ್ನು ಸೇರಿಸಿದಿರಿ ಎಂದು ಫೋನಿನಲ್ಲೇ ಗಾಬರಿಯಾದರು. ಭಾವನವರ ಗಾಬರಿ ಬೇರೆ ಥರದ್ದು. "ಅಲ್ಲಪ್ಪಾ, ದುಡ್ಡು ಕಟ್ಟಿ, ಓದಿ, ಪಾಸಾಗಿ, ಮೂರು ವರ್ಷಕ್ಕೆ ಮತ್ತೆ ನವೀಕರಣ ಅಂದ್ರೆ ಅದು ಸರ್ಟಿಫಿಕೇಟೋ, ಗಾಡಿ ಇನ್ಶೂರೆನ್ಸೋ?"

ಅವರ ಮಾತಿನಲ್ಲಿ ನ್ಯಾಯ ಇಲ್ಲದೆ ಇಲ್ಲ. 1993ರಲ್ಲಿ ಶುರುವಾದ ಈ ಎ ಪ್ಲಸ್ಸಿಗೆ ಮೊದಲು ಆಯಸ್ಸಿನ ಮಿತಿ ಇರಲಿಲ್ಲ. 2011ಕ್ಕೆ ಮುಂಚೆ ಪಾಸಾದ ಪುಣ್ಯವಂತರದು ಇವತ್ತಿಗೂ ಆಜೀವ ಸದಸ್ಯತ್ವ. ಆಮೇಲಿನವರಿಗೆ ಮೂರು ವರ್ಷ. 1998ರಿಂದ ನಡೆದುಬಂದಿರುವ ಸಿಸ್ಕೋದವರ ಸಿಸಿಎನ್ಎಗೂ ಮೂರೇ ವರ್ಷ, ಅಮೆಜಾನ್‌ನವರ ಕ್ಲೌಡ್ ಪ್ರ್ಯಾಕ್ಟಿಷನರಿಗೂ ಅಷ್ಟೇ. ಮೈಕ್ರೋಸಾಫ್ಟಿನ ಅಜೂರ್ ಫಂಡಮೆಂಟಲ್ಸ್ ಮಾತ್ರ ಸದ್ಯಕ್ಕೆ ಚಿರಂಜೀವಿ. ಹಾಗೆಂದು ಮೈಕ್ರೋಸಾಫ್ಟನ್ನು ತೀರಾ ನಂಬುವ ಹಾಗೂ ಇಲ್ಲ. ಒಂದು ಕಾಲದಲ್ಲಿ ಊರೂರಿನ ಕಂಪ್ಯೂಟರ್ ಕ್ಲಾಸುಗಳ ಬೋರ್ಡಿನ ಮೇಲೆ ಮೆರೆದ ಎಂಸಿಎಸ್ಇಯನ್ನು 2021ರ ಜನವರಿಯಲ್ಲಿ ಅವರೇ ಬಾಗಿಲು ಹಾಕಿ ಕಳಿಸಿಬಿಟ್ಟರು. ವಿದ್ಯೆ ಕಲಿತವನು ಇದ್ದಾನೆ, ಪರೀಕ್ಷೆ ತೀರಿಕೊಂಡಿದೆ.

ಓದು ಶುರುವಾಯಿತು. ಎ ಪ್ಲಸ್ಸಿಗೆ ಎರಡು ಪೇಪರು. ಒಂದೊಂದಕ್ಕೂ ಹೆಚ್ಚೆಂದರೆ 90 ಪ್ರಶ್ನೆ, 90 ನಿಮಿಷ. ಪಾಸಾಗಲು ಮೊದಲನೆಯದಕ್ಕೆ 675, ಎರಡನೆಯದಕ್ಕೆ 700 ಬೇಕು, 900ಕ್ಕೆ. ಅಂಕಗಳು ಶುರುವಾಗುವುದೇ 100ರಿಂದ. ಅಂದರೆ ಏನೂ ಬರೆಯದೆ ಎದ್ದು ಬಂದರೂ ನೂರು. ಇದನ್ನು ಕೇಳಿ ಭಾವನವರಿಗೆ ಮೊದಲ ಸಲ ಈ ಪರೀಕ್ಷೆಯ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತು. ನಮ್ಮ ಪಿಯುಸಿ ಗಣಿತಕ್ಕೆ ಈ ಪದ್ಧತಿ ಇದ್ದಿದ್ದರೆ, ಎಂದು ನಿಟ್ಟುಸಿರು ಬಿಟ್ಟರು.

ನಾನು ನೋಡಿದ ಮಟ್ಟಿಗೆ, ಪಠ್ಯದಲ್ಲಿ ರಾಕೆಟ್ ವಿಜ್ಞಾನವೇನೂ ಇಲ್ಲ. ಯಾವ ಕೇಬಲ್ ಯಾವ ತೂತಿಗೆ, ರ್‍ಯಾಮ್ ಎಂದರೇನು, ವೈಫೈ ಯಾಕೆ ಮುನಿಸಿಕೊಳ್ಳುತ್ತದೆ, ಇಂಥವೇ. ಆದರೆ ಲೇಸರ್ ಪ್ರಿಂಟರಿನ ಏಳು ಹಂತಗಳನ್ನು ಹುಡುಗ ಊಟದ ತಟ್ಟೆಯ ಮುಂದೆ ಒಪ್ಪಿಸುತ್ತಿದ್ದಾಗ ನಾನೂ ಕೈ ನಿಲ್ಲಿಸಿ ಕೇಳಿದೆ. ಡ್ರಮ್ಮಿಗೆ ವಿದ್ಯುತ್ತಿನ ಚಾರ್ಜ್ ಕೊಡುವುದು, ಲೇಸರ್ ಅದರ ಮೇಲೆ ಕಣ್ಣಿಗೆ ಕಾಣದಂತೆ ಬರೆಯುವುದು, ಬರೆದ ಕಡೆ ಮಾತ್ರ ಟೋನರ್ ಪುಡಿ ಅಂಟುವುದು, ಪುಡಿ ಹಾಳೆಗೆ ದಾಟುವುದು, ಕೊನೆಗೆ ಬಿಸಿ ರೋಲರು ಅದನ್ನು ಕರಗಿಸಿ ಹಾಳೆಗೆ ಕಚ್ಚಿಸುವುದು. ಜೆರಾಕ್ಸ್ ಅಂಗಡಿಯವನು ಕೊಡುವ ಹಾಳೆ ಬೆಚ್ಚಗಿರುವುದು ಯಾಕೆ ಎಂದು ಇಷ್ಟು ವರ್ಷ ಕೇಳದೆಯೇ ಬದುಕಿದ್ದೆ. ಇಂಥ ಓದಿನ ಲಾಭ ಇದೇ ಎಂದು ನನಗೆ ಅನ್ನಿಸುತ್ತದೆ, ಕಾಗದ ಆಮೇಲಿನದು.

ಕೆಟ್ಟುಹೋದದ್ದನ್ನು ಸರಿಮಾಡುವುದಕ್ಕೂ ಅದರಲ್ಲಿ ಆರು ಮೆಟ್ಟಿಲಿನ ಶಾಸ್ತ್ರವಿದೆ. ಮೊದಲು ವಿಚಾರಿಸು, ಆಮೇಲೆ ಕಾರಣ ಊಹಿಸು, ಊಹಿಸುವಾಗ ಕಣ್ಣಿಗೆ ಕಾಣುವುದನ್ನೇ ಮೊದಲು ಅನುಮಾನಿಸು. "ಅಂದ್ರೆ ಸ್ವಿಚ್ ಹಾಕಿದೆಯಾ ನೋಡು ಅಂತ ತಾನೆ?" ಎಂದಳು ನನ್ನ ಹೆಂಡತಿ. ಮಿಕ್ಸಿ ತಿರುಗದಿದ್ದಾಗಲೆಲ್ಲ ಅವಳು ನನಗೆ ಹೇಳುವುದು ಅದನ್ನೇ, ಫೀ ಇಲ್ಲದೆ. ಆರನೆಯ ಮೆಟ್ಟಿಲು, ಮಾಡಿದ್ದನ್ನೆಲ್ಲ ಬರೆದಿಡು. ನಾನು ಕೆಲಸ ಮಾಡಿದ ಯಾವ ಆಫೀಸಿನಲ್ಲೂ ಯಾರೂ ಆ ಮೆಟ್ಟಿಲು ಹತ್ತಿದ್ದನ್ನು ಕಾಣೆ.

ನಿಜವಾದ ಕಷ್ಟ ಬಂದದ್ದು ಪಾಠದಲ್ಲಲ್ಲ, ಅರ್ಜಿಯಲ್ಲಿ. ಲಾಸ್ಟ್ ನೇಮ್ ಖಾಲಿ ಬಿಡುವ ಹಾಗಿಲ್ಲ; ಮೇಲಾಗಿ ಅಲ್ಲಿ ತುಂಬಿದ ಹೆಸರಿಗೂ ಗುರುತಿನ ಚೀಟಿಯ ಹೆಸರಿಗೂ ತಾಳೆಯಾಗಬೇಕು. ಹುಡುಗನಿಗೆ ಇರುವುದು ಎರಡು ಇನಿಷಿಯಲ್ಲು. ಮೊದಲನೆಯದು ಊರು, ಎರಡನೆಯದು ಅಪ್ಪ. ಮಾರ್ಕ್ಸ್ ಕಾರ್ಡಿನಲ್ಲಿ ಅವು ಹೆಸರಿನ ಹಿಂದೆ, ಆಧಾರಿನಲ್ಲಿ ಇಲ್ಲವೇ ಇಲ್ಲ, ಪಾಸ್‌ಪೋರ್ಟಿನಲ್ಲಿ ಅಪ್ಪ ಪೂರ್ತಿಯಾಗಿ ಬಿಚ್ಚಿಕೊಂಡು ಲಾಸ್ಟ್ ನೇಮ್ ಆಗಿ ಕೂತಿದ್ದಾರೆ. ಕೊನೆಗೆ ಪಾಸ್‌ಪೋರ್ಟಿನಂತೆಯೇ ತುಂಬಿದ. ಅಲ್ಲಿಂದ ಮುಂದೆ ಬಂದ ಮೇಲುಗಳೆಲ್ಲ ಭಾವನವರ ಹೆಸರು ಹಿಡಿದು ನಮಸ್ಕಾರ ಹೇಳುತ್ತಿದ್ದವು. ಮೌಸು ಮುಟ್ಟದ ಮನುಷ್ಯನಿಗೆ, ನಿಮ್ಮ ಪರೀಕ್ಷೆ ಹತ್ತಿರ ಬಂತು, ಚೆನ್ನಾಗಿ ತಯಾರಾಗಿ, ಎಂದು ಹಾರೈಕೆ.

ಪರೀಕ್ಷೆಯನ್ನು ಮನೆಯಿಂದಲೇ ಬರೆಯಬಹುದು ಎಂದು ತಿಳಿದು ಖುಷಿಪಟ್ಟದ್ದು ಆತುರವಾಯಿತು. ರೂಮಿನ ನಾಲ್ಕೂ ದಿಕ್ಕಿನ ಫೋಟೋ ಕಳಿಸಬೇಕು, ಮೇಜಿನ ಮೇಲೆ ಕಾಗದದ ಚೂರೂ ಇರಬಾರದು, ಒಳಗೆ ನರಪಿಳ್ಳೆ ಬರಬಾರದು. ಗೋಡೆಯ ಪಂಚಾಂಗದ ಕ್ಯಾಲೆಂಡರನ್ನು ತೆಗೆಸಿದರು. ರಾಹುಕಾಲದ ಪಟ್ಟಿಯಲ್ಲಿ ಅವರಿಗೆ ಏನು ಉತ್ತರ ಕಂಡಿತೋ. ಕುಕ್ಕರ್ ಕೂಗಬಾರದೆಂದು ಅವತ್ತು ಮನೆಯಲ್ಲಿ ಅವಲಕ್ಕಿ. ಇಷ್ಟೆಲ್ಲ ಆಗಿ ಹುಡುಗ ಎರಡನೇ ಪ್ರಶ್ನೆ ಓದುತ್ತಿದ್ದಾಗ ಪರದೆಯ ಮೇಲೆ ಎಚ್ಚರಿಕೆ: ತುಟಿ ಅಲ್ಲಾಡಿಸಬೇಡಿ. ಒಂದನೇ ಕ್ಲಾಸಿನಿಂದ 'ಬಾಯಿ ಬಿಟ್ಟು ಓದೋ' ಎಂದು ಬೈಸಿಕೊಂಡು ಬೆಳೆದವನು, ಪಾಪ, ತುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಉಳಿದದ್ದನ್ನು ಮುಗಿಸಿದ. ಎರಡನೇ ಪೇಪರಿಗೆ ಸೆಂಟರಿಗೇ ಹೋದ. ಅಲ್ಲಿ ಜೇಬು ಖಾಲಿ ಮಾಡಿಸಿ, ವಾಚು ಬಿಚ್ಚಿಸಿ, ಒರೆಸಿ ಬರೆಯುವ ಹಲಗೆಯೊಂದನ್ನು ಕೊಟ್ಟರಂತೆ. ತುಟಿಗೆ ಸ್ವಾತಂತ್ರ್ಯವಿತ್ತು.

ಇದಕ್ಕೆಲ್ಲ ಅಡ್ಡದಾರಿಯೂ ಉಂಟು. ಮಾರತ್ತಹಳ್ಳಿ, ಬಿಟಿಎಂ ಕಡೆ ಲೈಟು ಕಂಬಗಳಿಗೆ ಅಂಟಿಸಿದ ಚೀಟಿಗಳನ್ನು ಓದುತ್ತಾ ನಡೆದರೆ ಕೆಲಸ ಸಿಕ್ಕೇಬಿಟ್ಟಿತು ಎನ್ನಿಸುತ್ತದೆ. ದೊಡ್ಡಕ್ಷರದಲ್ಲಿ ನೂರಕ್ಕೆ ನೂರು ಪ್ಲೇಸ್‌ಮೆಂಟ್, ಅದರ ಕೆಳಗೆ ಇರುವೆ ಗಾತ್ರದಲ್ಲಿ ಅಸಿಸ್ಟೆನ್ಸ್. ಮತ್ತೆ 'ಡಂಪ್ಸ್' ಎನ್ನುವ ಮಾಲು, ಪರೀಕ್ಷೆಯಿಂದ ಕದ್ದು ತಂದ ಪ್ರಶ್ನೋತ್ತರ. ಬಾಯಿಪಾಠ ಮಾಡಿ ಪಾಸಾಗಬಹುದು. ಸಿಕ್ಕಿಬಿದ್ದರೆ ಸರ್ಟಿಫಿಕೇಟೂ ಹೋಗುತ್ತದೆ, ಮುಂದಿನ ಪರೀಕ್ಷೆಯ ಬಾಗಿಲೂ ಮುಚ್ಚುತ್ತದೆ. ಈ ಮಾಲು ಓಡದ ಕಡೆ ಎಂದರೆ ರೆಡ್ ಹ್ಯಾಟಿನವರ ಆರ್‌ಎಚ್‌ಸಿಎಸ್ಎ. ಅಲ್ಲಿ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವುದಿಲ್ಲ; ಕಂಪ್ಯೂಟರ್ ಕೊಟ್ಟು ಕೆಲಸ ಮಾಡು ಎನ್ನುತ್ತಾರೆ. ಮಾಡಿದ್ದು ಮಷೀನು ರೀಬೂಟ್ ಆದ ಮೇಲೂ ನಿಂತಿರಬೇಕು. ನನಗೆ ಅಧಿಕಾರ ಇದ್ದಿದ್ದರೆ ಈ ನಿಯಮವನ್ನು ಬೆಂಗಳೂರಿನ ರಸ್ತೆ ಕಂಟ್ರಾಕ್ಟರುಗಳಿಗೆ ಅನ್ವಯಿಸುತ್ತಿದ್ದೆ, ಒಂದು ಮಳೆಯ ನಂತರ ಎಂದು.

ಹುಡುಗ ಪಾಸಾದ. ಇನ್ನೂ ನಾಲ್ಕು ಸರ್ಟಿಫಿಕೇಟು ಮಾಡಿಕೊಂಡೇ ಅರ್ಜಿ ಹಾಕುತ್ತೇನೆ ಎಂದು ಹೊರಟವನನ್ನು ನಾನೇ ತಡೆದೆ. ಸಿಸಿಎನ್ಎಗೆ 300 ಡಾಲರ್ ಕಟ್ಟುವ ಮೊದಲು ಸಂಬಳ ಎಂದರೇನೆಂದು ನೋಡಲಿ ಎಂದು. ಇಂಟರ್‌ವ್ಯೂನಲ್ಲಿ ಸರ್ಟಿಫಿಕೇಟನ್ನು ಕಣ್ಣೆತ್ತಿಯೂ ನೋಡಲಿಲ್ಲವಂತೆ. ಅದಿಲ್ಲದೆ ಬಿ.ಕಾಂ. ಹುಡುಗನನ್ನು ಒಳಗೂ ಕರೆಯುತ್ತಿರಲಿಲ್ಲ, ಅದು ಬೇರೆ ಮಾತು. ಕೇಳಿದ್ದು ಒಂದೇ: ಮ್ಯಾನೇಜರು ಸಿಟ್ಟಿನಲ್ಲಿ ಫೋನ್ ಮಾಡಿ ಪ್ರಿಂಟ್ ಬರ್ತಿಲ್ಲ ಅಂತಾರೆ, ಏನು ಮಾಡ್ತೀಯ? ಇವನು ಏಳು ಹಂತಗಳನ್ನೂ ನುಂಗಿಕೊಂಡು, ಪ್ರಿಂಟರ್ ಆನ್ ಇದೆಯಾ ಸರ್ ಅಂತ ಮರ್ಯಾದೆಯಾಗಿ ಕೇಳ್ತೀನಿ, ಅಂದನಂತೆ.

ಈಗ ಹೆಲ್ಪ್ ಡೆಸ್ಕಿನಲ್ಲಿ ನೈಟ್ ಶಿಫ್ಟು. ರಾತ್ರಿಯಿಡೀ ಸಾಗರದಾಚೆಯವರ ಪಾಸ್‌ವರ್ಡ್ ರೀಸೆಟ್ ಮಾಡಿ, ಪ್ರತಿಯೊಂದನ್ನೂ ಬರೆದಿಟ್ಟು, ಬೆಳಗ್ಗೆ ಬಂದು ಮಲಗುತ್ತಾನೆ. ಹದಿನೈದು ದಿನದಿಂದ ನಮ್ಮ ಮನೆಯ ವೈಫೈ ಹಿಂದಿನ ರೂಮಿಗೆ ತಲುಪುತ್ತಿಲ್ಲ. ಹೇಳಿದರೆ ಮುಸುಕಿನೊಳಗಿಂದಲೇ, "ಟಿಕೆಟ್ ರೈಸ್ ಮಾಡಿ ಮಾವ" ಎನ್ನುತ್ತಾನೆ.