625ಕ್ಕೆ ಎಷ್ಟ್ ಬಂತಾ?

ಅಮಾಸೆಬೈಲಿನ ಕಡೆ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಯಕ್ಷಗಾನ ಮೇಳಗಳ ತಿರುಗಾಟವೂ ಒಟ್ಟಿಗೇ ಬರುತ್ತವೆ. ಮಕ್ಕಳ ಮೇಲೆ ಹಗೆ ಇದ್ದವರೇ ಈ ವೇಳಾಪಟ್ಟಿ ಮಾಡಿರಬೇಕು. ನಾಳೆ ಬೆಳಿಗ್ಗೆ ಗಣಿತ, ಇವತ್ತು ರಾತ್ರಿ ಗದ್ದೆಯಲ್ಲಿ ಚೆಂಡೆ. ಪೈಥಾಗೊರಸನ ಪ್ರಮೇಯ ಎರಡನೇ ಗೆರೆಗೆ ಬರುವಷ್ಟರಲ್ಲಿ ಅಲ್ಲಿ ಕೌರವನ ಪ್ರವೇಶ ಆಗಿರುತ್ತದೆ. ಆಟಕ್ಕೆ ಹೋಗದೆ ಕೂರಬಹುದು, ಕಿವಿಗೆ ಬಾಗಿಲಿದೆಯೇ?

ಇಷ್ಟದ ವಿಷಯ ಯಾವುದೆಂದರೆ ಹುಡುಗರು ಯೋಚಿಸದೆ 'ಪಿ.ಟಿ.' ಎನ್ನುತ್ತಾರೆ. ಪಾಪ, ಜೂನ್‌ನಿಂದ ಅದಕ್ಕೂ ಮಳೆ ಬಿಡುವುದಿಲ್ಲ. ಹಿಂದಿಯದು ಬೇರೆಯೇ ಗೋಳು: ರೊಟ್ಟಿ ಹೆಣ್ಣಂತೆ, ಅಕ್ಕಿ ಗಂಡಂತೆ. ಎರಡನ್ನೂ ದಿನಾ ಬೇಯಿಸುವ ಅಮ್ಮನಿಗೇ ಗೊತ್ತಿಲ್ಲದ ಸಂಗತಿ!

2024ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ಅಂಥ ಜಿಲ್ಲೆಯಲ್ಲಿ ಬರೇ ಪಾಸಾದವನ ಕಷ್ಟ ಯಾರಿಗೂ ಬೇಡ. ಅಂಗಡಿಗೆ ಬೆಲ್ಲಕ್ಕೆ ಹೋದರೆ "ಏ ಮಾಣಿ, 625ಕ್ಕೆ ಎಷ್ಟ್ ಬಂತಾ?" ಪಾಸೆಂದರೆ ಸಾಲದು, ಲೆಕ್ಕದಲ್ಲೆಷ್ಟು, ವಿಜ್ಞಾನದಲ್ಲೆಷ್ಟು ಎಂದು ಬಿಡಿಬಿಡಿಯಾಗಿ ಒಪ್ಪಿಸಿದ ಮೇಲೇ ಬೆಲ್ಲ ತಕ್ಕಡಿಗೆ ಏರುವುದು.

ಅದೇ ವರ್ಷ ಸಪ್ಲಿಮೆಂಟರಿ ಹೋಗಿ ಪರೀಕ್ಷೆ 1, 2, 3 ಬಂದವು. "ಎರಡನೇದ್ರಲ್ ಕಾಂಬ" ಎಂದು ಮೊಮ್ಮಗ ಧೈರ್ಯವಾಗಿ ಹೇಳಿದರೆ, ಜಗಲಿಯಲ್ಲಿ ಕವಳ ಹಾಕುತ್ತಿದ್ದ ಅಜ್ಜಯ್ಯ ನಿಟ್ಟುಸಿರುಬಿಟ್ಟರು: "ನಮ್ ಕಾಲ್ದಗೆ ಮೂರ್ ಸಲ ಇದ್ದಿರೆ ನಾನೂ ಮಾಷ್ಟ್ರ್ ಆತಿದ್ದೆ!"