ನಾಟಕದ ಮೇಷ್ಟ್ರ ಶಾಸನಗಳು

ನಮ್ಮ ನಾಡಿನ ಪ್ರೌಢಶಾಲೆಗಳಲ್ಲಿ ಗಣಿತಕ್ಕೊಬ್ಬರು, ವಿಜ್ಞಾನಕ್ಕೊಬ್ಬರು, ಕವಾಯತಿಗೊಬ್ಬರು ಎಂದು ಸರ್ಕಾರವೇ ನೇಮಿಸಿದ ಉಪಾಧ್ಯಾಯರಿರುವುದು ಸರಿಯಷ್ಟೆ. ಆದರೆ ಯಾರ ಆಜ್ಞೆಯೂ ಇಲ್ಲದೆ, ಸಂಬಳದ ಬಟವಾಡೆ ಪಟ್ಟಿಯಲ್ಲಿ ಆ ಹೆಸರಿನಿಂದ ಎಂದೂ ಕಾಣಿಸಿಕೊಳ್ಳದೆ, ತಾವಾಗಿಯೇ ಅವತರಿಸತಕ್ಕ ಮತ್ತೊಬ್ಬ ಮಹನೀಯರುಂಟು. ಅವರೇ ನಾಟಕದ ಮೇಷ್ಟ್ರು. ದಾಖಲೆಯ ಪ್ರಕಾರ ಅವರು ಭೂಗೋಳ ಕಲಿಸುವವರು. ಆದರೆ ಅವರ ಭೂಗೋಳದಲ್ಲಿ ಗಂಗಾನದಿಯು ಹಿಮಾಲಯದಲ್ಲಿ ಹುಟ್ಟಿ, ಹರಿದ್ವಾರದಲ್ಲಿ ಬಯಲಿಗಿಳಿದು, ಕಾಶಿಯ ಶ್ಮಶಾನಘಟ್ಟದ ಬಳಿಗೆ ಬರುತ್ತಲೇ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಗಂಟೆ ಬಾರಿಸುವ ತನಕ ಹರಿಯುವುದು ಚಂದ್ರಮತಿಯ ಕಣ್ಣೀರೇ ಹೊರತು ಗಂಗೆಯಲ್ಲ. ಆ ನದಿಯು ಕಡೆಗೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆಂಬ ಸಂಗತಿಯನ್ನು ನಾವು ಪಬ್ಲಿಕ್ ಪರೀಕ್ಷೆಯ ಹಿಂದಿನ ರಾತ್ರಿ ಸ್ವಂತ ಪರಿಶ್ರಮದಿಂದ ಕಂಡುಹಿಡಿದುಕೊಳ್ಳಬೇಕಾಯಿತು.

ಇಂಥ ಮೇಷ್ಟ್ರುಗಳನ್ನು ನಾನು ಮೂರು ಊರುಗಳಲ್ಲಿ ಕಂಡಿದ್ದೇನೆ. ಊರು ಬೇರೆ, ಮೂರ್ತಿ ಒಂದೇ. ಹೆಗಲಿನವರೆಗೆ ಇಳಿದಿದ್ದು ಹೆಡ್ಮಾಸ್ತರರ ಸಮ್ಮುಖದಲ್ಲಿ ಮಾತ್ರ ಟೋಪಿಯೊಳಗೆ ಅಡಗುವ ಕೇಶರಾಶಿ; ಜವಾನನನ್ನು ಒಂದು ಲೋಟ ನೀರು ಕೇಳುವಾಗಲೂ ಶರಶಯ್ಯೆಯ ಮೇಲಿನ ಭೀಷ್ಮರ ಕಂಠ; ನಶ್ಯದ ಡಬ್ಬಿ ಕಾಣೆಯಾಯಿತೆಂದರೆ ಸೀತೆಯನ್ನು ಕಳೆದುಕೊಂಡ ರಾಮನ ಪಾಡು. ಇವರೆಲ್ಲರೂ ಯೌವನದಲ್ಲೊಮ್ಮೆ ಮನೆಬಿಟ್ಟು ಓಡಿಹೋಗಿ ನಾಟಕದ ಕಂಪೆನಿ ಸೇರಿದ್ದವರು, ಮತ್ತು ಅದೇಕೋ ಇವರೆಲ್ಲರನ್ನೂ ಹುಡುಕಿ ಹಿಡಿದು ತಂದವನು ಸೋದರಮಾವನೇ. ನಮ್ಮ ಮೇಷ್ಟ್ರು ಹೇಳುತ್ತಿದ್ದ ಪ್ರಕಾರ, 1884ರಲ್ಲಿ ಹುಟ್ಟಿದ ಗುಬ್ಬಿಯ ಕಂಪೆನಿಯು ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ಜೀವಂತ ಆನೆಕುದುರೆಗಳನ್ನೇ ರಂಗಕ್ಕೆ ತಂದು ಪ್ರೇಕ್ಷಕರನ್ನು ಬೆರಗುಗೊಳಿಸುತ್ತಿದ್ದ ದಿನಗಳಲ್ಲಿ ಆ ಸೇನೆಯೊಳಗೆ ಇವರೂ ಇದ್ದರು. “ಯಾವ ಪಾರ್ಟು, ಸಾರ್?” ಎಂದು ಒಬ್ಬ ಹುಡುಗ ಕೇಳಿದ. “ಆನೆಯ ಎಡಗಡೆ” ಎಂದು ಗಂಭೀರವಾಗಿ ಉತ್ತರಿಸಿದರು. ಅದರ ಮೇಲೆ ಮತ್ತೊಂದು ಪ್ರಶ್ನೆಯನ್ನು ಹಾಕುವ ಧೈರ್ಯ ನಮಗಾರಿಗೂ ಬರಲಿಲ್ಲ.

ನಾಟಕದ ತರಗತಿ ಗುರುವಾರದ ಕಡೆಯ ಪೀರಿಯಡ್ಡು. ಮಿಕ್ಕ ತರಗತಿಗಳಲ್ಲಿ ಶಿಸ್ತೆಂದರೆ ಬೆತ್ತ; ಇಲ್ಲಿ ಮೊದಲು ಶಾಸ್ತ್ರ, ಆಮೇಲೆ ಬೆತ್ತ. ಇಂದ್ರನ ಧ್ವಜೋತ್ಸವದ ದಿನ ಲೋಕದ ಮೊಟ್ಟಮೊದಲ ನಾಟಕ ನಡೆಯಿತೆಂದೂ, ತಮ್ಮ ಪರಾಜಯವನ್ನೇ ಕಥೆಮಾಡಿ ಆಡುತ್ತಿರುವುದನ್ನು ಕಂಡು ಕೆರಳಿದ ದೈತ್ಯರು ವಿಘ್ನಗಳೊಡಗೂಡಿ ನಟರ ಮಾತು, ಚಲನೆ, ನೆನಪುಗಳನ್ನೆಲ್ಲ ಸ್ತಂಭನಗೊಳಿಸಿದರೆಂದೂ, ಆಗ ಇಂದ್ರನು ತನ್ನ ಧ್ವಜದಂಡವನ್ನೇ ಎತ್ತಿಕೊಂಡು ಅವರನ್ನು ಜರ್ಜರಿತರಾಗುವಂತೆ ಬಡಿದುದರಿಂದ ಆ ದಂಡಕ್ಕೆ ‘ಜರ್ಜರ’ವೆಂಬ ಹೆಸರು ಬಂದಿತೆಂದೂ ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಹೇಳಿದೆ. ಮೇಷ್ಟ್ರ ಮೇಜಿನ ಮೇಲಿದ್ದ ಹುಣಿಸೆಯ ಬರಲಿಗೂ ಇದೇ ನಾಮಧೇಯ. ಶಾಸ್ತ್ರದಲ್ಲಿ ಮಾತು ಮರೆತವರು ನಟರು, ಏಟು ತಿಂದವರು ದೈತ್ಯರು. ನಮ್ಮಲ್ಲಿ ಎರಡೂ ನಟರ ಪಾಲಿಗೇ ಬರುತ್ತಿತ್ತು. ಈ ವ್ಯತ್ಯಾಸವನ್ನು ಸಂಸ್ಕೃತ ಓದುತ್ತಿದ್ದ ಹುಡುಗನೊಬ್ಬನು ವಿನಯಪೂರ್ವಕವಾಗಿ ಎತ್ತಿ ತೋರಿಸಲು, ಮೇಷ್ಟ್ರು ಕ್ಷಣಕಾಲ ಆಲೋಚಿಸಿ, ಅವನಿಗೆ ದೈತ್ಯನ ಪಾರ್ಟನ್ನೇ ಕೊಟ್ಟು ಶಾಸ್ತ್ರವನ್ನು ಸರಿಪಡಿಸಿದರು. ಅದೇ ಗ್ರಂಥವು ಮನುಷ್ಯರಿಗೆ ತಕ್ಕ ನಾಟ್ಯಗೃಹಕ್ಕೆ 64 ಹಸ್ತ ಉದ್ದ, 32 ಹಸ್ತ ಅಗಲವನ್ನು ವಿಧಿಸಿದೆ. ನಮ್ಮ ಕೊಠಡಿಯಲ್ಲಿ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿದ ಮೇಲೆ ಉಳಿಯುತ್ತಿದ್ದುದು, ಭೀಮನು ಗದೆಯನ್ನು ಒಂದು ಸುತ್ತು ತಿರುಗಿಸಬೇಕಾದರೆ ಧರ್ಮರಾಯನು ಬಾಗಿಲಿನಿಂದಾಚೆ ಹೋಗಿ ನಿಲ್ಲಬೇಕಾದಷ್ಟು ಸ್ಥಳ.

ಶಾಸನಗಳು ಕಪ್ಪು ಹಲಗೆಯ ಬಲ ಮೂಲೆಯಲ್ಲಿ ವರ್ಷವಿಡೀ ವಿರಾಜಿಸುತ್ತಿದ್ದವು. ಗಣಿತದ ಮೇಷ್ಟ್ರು ಉಳಿದ ಮುಕ್ಕಾಲು ಹಲಗೆಯಲ್ಲಿಯೇ ತಮ್ಮ ಬೀಜಗಣಿತವನ್ನು ಮುಗಿಸಿಕೊಳ್ಳಬೇಕು. ಪಾದರಕ್ಷೆಗಳನ್ನು ಹೊರಗೆ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬರತಕ್ಕದ್ದು ಎಂಬುದು ಮೊದಲನೆಯದು. (ಪಾದರಕ್ಷೆಗಳಿದ್ದವನು ಅಮಲ್ದಾರರ ಮಗನೊಬ್ಬನೇ ಆದ್ದರಿಂದ ಈ ನಿಯಮದ ಪೂರ್ವಾರ್ಧವನ್ನು ಪಾಲಿಸುವ ಭಾಗ್ಯ ಮಿಕ್ಕವರಿಗೆ ಇರಲಿಲ್ಲ.) ಸಭೆಗೆ ಬೆನ್ನು ತೋರಿಸಕೂಡದು, ಪಾರ್ಟಿಲ್ಲದವನು ಪಾರ್ಟಿರುವವನಿಗಿಂತ ಹೆಚ್ಚಿನ ಶ್ರದ್ಧೆಯಿಂದ ಬಾಯಿ ಮುಚ್ಚಿಕೊಂಡಿರತಕ್ಕದ್ದು, ಅಂಟಿಸಿದ ಮೀಸೆಯನ್ನು ನೆಕ್ಕಕೂಡದು. ಬೇಗಡೆ ಹಚ್ಚಿದ ಕಿರೀಟದ ಮೇಲೆ ಕುಳಿತವನು ಹೊಸ ಕಿರೀಟವನ್ನು ಮಾಡಿಕೊಡತಕ್ಕದ್ದೆಂಬ ಶಾಸನದ ಅಕ್ಷರಗಳು ಉಳಿದವಕ್ಕಿಂತ ದಪ್ಪವಾಗಿದ್ದುದರಿಂದ, ಅದು ಯಾವುದೋ ಐತಿಹಾಸಿಕ ದುರಂತದ ತರುವಾಯ ಹುಟ್ಟಿದುದೆಂದು ಊಹಿಸಬಹುದಾಗಿತ್ತು.

ಇವುಗಳಲ್ಲೆಲ್ಲ ಘೋರವಾದದ್ದು ಶಿಲಾನಿಯಮ. ಮೇಷ್ಟ್ರು ಮೂರು ಸಲ ಚಪ್ಪಾಳೆ ತಟ್ಟಿದೊಡನೆಯೇ ಯಾರು ಯಾವ ಭಂಗಿಯಲ್ಲಿದ್ದರೋ ಆ ಭಂಗಿಯಲ್ಲಿಯೇ ಕಲ್ಲಾಗಬೇಕು, ನಾಲ್ಕನೆಯ ಚಪ್ಪಾಳೆಯವರೆಗೆ ಉಸಿರಾಟವೊಂದನ್ನುಳಿದು ಬೇರೆ ವ್ಯಾಪಾರವಿಲ್ಲ. ಒಂದು ಗುರುವಾರ, ಮೂರನೆಯ ಚಪ್ಪಾಳೆ ಬಿದ್ದ ಗಳಿಗೆಯಲ್ಲಿಯೇ ಹೆಡ್ಮಾಸ್ತರರು ಬಾಗಿಲಲ್ಲಿ ಕಾಣಿಸಿಕೊಂಡರು. ಒಬ್ಬನ ಮುಷ್ಟಿಯು ಇನ್ನೊಬ್ಬನ ಮೂಗಿನಿಂದ ಒಂದಂಗುಲ ದೂರದಲ್ಲಿ ನಿಂತಿತ್ತು. ನಾರದನ ಬಾಯಲ್ಲಿ ಅರ್ಧ ಕಡಲೆಮಿಠಾಯಿ. ಎದ್ದು ನಮಸ್ಕಾರ ಹೇಳಿದವನು ಒಬ್ಬನಿಲ್ಲ. “ಏನ್ರೀ ಮೇಷ್ಟ್ರೇ ಇದು?” ಎಂದು ಅವರು ಗರ್ಜಿಸಿದರು. ಮೇಷ್ಟ್ರಿಂದ ಉತ್ತರವಿಲ್ಲ. ತಾವು ಮಾಡಿದ ಶಾಸನಕ್ಕೆ ತಾವು ಹೊರಗಲ್ಲವೆಂದು ತೋರಿಸುವ ಸಲುವಾಗಿ ಅವರೂ ಆ ದಿನ ಕಲ್ಲಾಗಿದ್ದರು, ಅಂಗೈಗಳೆರಡೂ ಜೋಡಿಸಿದ್ದಂತೆಯೇ. ಅದು ತಮಗೆ ಸಲ್ಲಿಸಿದ ನಮಸ್ಕಾರವೆಂದು ಗ್ರಹಿಸಿದುದರಿಂದಲೋ ಏನೋ, ಹೆಡ್ಮಾಸ್ತರರು ಸ್ವಲ್ಪ ತಣ್ಣಗಾಗಿ ಹೊರಟುಹೋದರು. ಆ ಮೇಲೆ ಗುರುವಾರಗಳಂದು ಅವರು ಆ ವರಾಂಡದ ಕಡೆಗೇ ಬರುತ್ತಿರಲಿಲ್ಲ.

ಹಿರಿಯರನ್ನು ಅಣಕಿಸಕೂಡದೆಂಬುದಕ್ಕೂ ಶಾಸ್ತ್ರಾಧಾರವಿತ್ತು: ಭರತನ ಮಕ್ಕಳು ಋಷಿಗಳನ್ನು ಅಣಕವಾಡಿ ಶಾಪಗ್ರಸ್ತರಾದರೆಂದು ಅದೇ ಗ್ರಂಥದ ಕೊನೆಯಲ್ಲಿದೆ. ಈ ಕಥೆಯನ್ನು ಹೇಳಿ ಮುಗಿಸಿದ ಬೆನ್ನಿಗೇ ಮೇಷ್ಟ್ರು ಶಕುನಿಯ ನಡಿಗೆಯನ್ನು ನಮಗೆ ತೋರಿಸಿಕೊಡುತ್ತಿದ್ದರು. ಅದು ಸಾಕ್ಷಾತ್ ಇನ್‌ಸ್ಪೆಕ್ಟರ್ ಸಾಹೇಬರ ನಡಿಗೆಯೆಂಬುದನ್ನು ಅರಿಯದ ಹುಡುಗನು ತರಗತಿಯಲ್ಲಿರಲಿಲ್ಲ.

ತರಗತಿಯೊಳಗೆ ಸ್ವಂತ ಹೆಸರು ಹಿಡಿದು ಕರೆಯುವುದೂ ನಿಷಿದ್ಧ. ಈ ಒಂದು ನಿಯಮ ಮಾತ್ರ ಶಾಲೆಯ ಗೋಡೆಯನ್ನು ದಾಟಿ ಊರಿನ ಕಾನೂನೇ ಆಗಿಹೋಯಿತು. ಈಗಲೂ ನಮ್ಮೂರ ಸೊಸೈಟಿಯಲ್ಲಿ ಸಕ್ಕರೆ ತೂಗಿಕೊಡುವವನು ವಿಶ್ವಾಮಿತ್ರ. ತೂಕದಲ್ಲಿ ಪುರಾಣದ ಗುಣವನ್ನು ಬಿಟ್ಟುಕೊಟ್ಟಿಲ್ಲ. ಚಂದ್ರಮತಿ ಆರು ಮಕ್ಕಳ ತಂದೆ. ನಾನು ಲೋಹಿತಾಶ್ವ.

ನನ್ನ ಪಾರ್ಟಿನ ಬಹುಭಾಗ ಸಾಯುವುದು. ಅದಕ್ಕೆ ಪ್ರತ್ಯೇಕವಾದ ಶಾಸನವಿತ್ತು: ಸತ್ತವನು ಪರದೆ ಬೀಳುವ ತನಕ ಸತ್ತೇ ಇರತಕ್ಕದ್ದು. ಕಂಪೆನಿ ನಾಟಕಗಳಲ್ಲಿ ಜನರಿಗೆ ಹಾಡು ಹಿಡಿಸಿತೆಂದರೆ ‘ಒನ್ಸ್ ಮೋರ್’ ಎಂದು ಕೂಗುವುದೂ, ಹಾಡುತ್ತ ಪ್ರಾಣಬಿಟ್ಟವನು ಎದ್ದು ಕೈಮುಗಿದು, ಅದೇ ಹಾಡನ್ನು ಮತ್ತೆ ಹಾಡಿ, ಮತ್ತೆ ಪ್ರಾಣಬಿಡುವುದೂ ಆ ಕಾಲಕ್ಕೆ ವಾಡಿಕೆ. ಮೇಷ್ಟ್ರಿಗೆ ಜಗತ್ತಿನಲ್ಲಿ ಇದಕ್ಕಿಂತ ಹೇಯವಾದ ಸಂಗತಿಯಿಲ್ಲ. “ಎಲೋ ಲೋಹಿತಾಶ್ವ, ಚಪ್ಪಾಳೆಯ ಆಸೆಗೆ ಯಮನ ಕೈಯಿಂದ ಎದ್ದು ಬರುವವನು ನಟನಲ್ಲ, ಭಿಕ್ಷುಕ! ಸಭೆಗೆ ಸಭೆಯೇ ಒನ್ಸ್ ಮೋರ್ ಅಂದರೂ ನೀನು ಹೆಣ. ತಿಳಿಯಿತೋ?” ಎಂದು ಅವರು ಜರ್ಜರವನ್ನು ಕೈಯಲ್ಲಿ ಹಿಡಿದು ಕೇಳುತ್ತಿದ್ದಾಗ, ತಿಳಿಯದೆ ಇರುವುದು ಸಾಧ್ಯವಿರಲಿಲ್ಲ.

ಶಾಲೆಯ ವಾರ್ಷಿಕೋತ್ಸವ ಬಂದಿತು. ಗ್ಯಾಸ್‌ಲೈಟುಗಳ ಬೆಳಕಿನಲ್ಲಿ, ಮುಖಕ್ಕೆ ಸಫೇದ ಬಳಿದುಕೊಂಡು, ಹಾವು ಕಚ್ಚಿ ನಾನು ನಿಯಮಬದ್ಧವಾಗಿ ಸತ್ತೆ. ಚಂದ್ರಮತಿ ಅತ್ತದ್ದೂ ಆಯಿತು, ಹರಿಶ್ಚಂದ್ರನು ಸುಂಕ ಕೇಳಿದ್ದೂ ಆಯಿತು. ಅಷ್ಟರಲ್ಲಿ ಮುಖ್ಯ ಅತಿಥಿಗಳು ಕಡೆಯ ಬಸ್ಸು ಹಿಡಿಯಬೇಕೆಂದೂ, ನಾಟಕವನ್ನು ಅಲ್ಲಿಗೇ ನಿಲ್ಲಿಸತಕ್ಕದ್ದೆಂದೂ ಹೆಡ್ಮಾಸ್ತರರಿಂದ ಚೀಟಿ ಬಂದಿತು. ರಾಘವಾಂಕ ಕವಿಯಾದರೋ ಕಾಶಿಯ ವಿಶ್ವನಾಥನನ್ನೇ ಪ್ರತ್ಯಕ್ಷಗೊಳಿಸಿ ಲೋಹಿತಾಶ್ವನನ್ನು ಬದುಕಿಸಿದನು. ನಮ್ಮ ವಿಶ್ವನಾಥನು ಮೈತುಂಬ ವಿಭೂತಿ ಬಳಿದುಕೊಂಡು, ಪ್ರತ್ಯಕ್ಷನಾಗಲು ಅಪ್ಪಣೆಯಿಲ್ಲದೆ, ಸೈಡ್ ವಿಂಗಿನಲ್ಲಿ ಬಿಕ್ಕಿ ಬಿಕ್ಕಿ ಅಳುತ್ತ ನಿಂತನು. ಪರದೆಗೆ ಸೀಟಿ ಊದಿದರು. ಹಗ್ಗವು ರಾಟೆಯಿಂದ ಜಾರಿ ಸಿಕ್ಕಿಕೊಂಡು, ಪರದೆ ಇದ್ದಲ್ಲಿಂದ ಒಂದು ಗೇಣೂ ಇಳಿಯಲಿಲ್ಲ.

ಹೆಡ್ಮಾಸ್ತರರು ಕಾಯುವವರಲ್ಲ. ಹರಿಶ್ಚಂದ್ರನು ಚಂದ್ರಮತಿಯೊಡನೆ ಒಳಕ್ಕೆ ಸರಿದುಬಿಟ್ಟನು. ಸತ್ತವನಿಗೆ ಸರಿಯುವ ಸೌಕರ್ಯವಿಲ್ಲ. ನನ್ನನ್ನು ಬಳಸಿಕೊಂಡು ಕುರ್ಚಿಗಳು ಬಂದವು, ಮೇಜು ಬಂದಿತು, ಹೂವಿನ ಹಾರ ಬಂದಿತು. ಮುಖ್ಯ ಅತಿಥಿಗಳು ಬಸ್ಸಿನ ನೆನಪನ್ನೇ ತೊರೆದು, ನಿದ್ರಿಸುತ್ತಿರುವ ಯುವಜನತೆ ಇನ್ನಾದರೂ ಮೇಲೇಳಬೇಕೆಂದು ನನ್ನ ಕಡೆಗೆ ಕೈತೋರಿಸುತ್ತ ಅರ್ಧಗಂಟೆ ಉಪದೇಶಿಸಿದರು. ನನ್ನ ಕಿವಿಯೊಳಗೊಂದು ಸೊಳ್ಳೆಯೂ ಅದೇ ಅಭಿಪ್ರಾಯವನ್ನು ವ್ಯಕ್ತಪಡಿಸುತ್ತಿತ್ತು. ತರುವಾಯ ಬಹುಮಾನ ವಿತರಣೆ. ಕೈಬರಹಕ್ಕೆ ಮೊದಲನೆಯ ಬಹುಮಾನವೆಂದು ಓದಿದ ಹೆಸರು ನನ್ನದು.

ಏಳಲಿಲ್ಲ. ಎರಡನೆಯ ಸಲ ಕರೆದರು. ಅರೆಗಣ್ಣಿನಿಂದ ವಿಂಗಿನ ಕಡೆ ನೋಡಿದೆ: ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು. ಮೂರನೆಯ ಸಲ ಕರೆಯುವಷ್ಟರಲ್ಲಿ ಅವರೇ ರಂಗಕ್ಕೆ ಬಂದು, ಪುಸ್ತಕವನ್ನು ಅತಿಥಿಗಳ ಕೈಯಿಂದ ತೆಗೆದುಕೊಂಡು, ನನ್ನ ಬಳಿ ಮಂಡಿಯೂರಿ, ಅದನ್ನು ನನ್ನ ಎದೆಯ ಮೇಲಿಟ್ಟರು. ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಎದುರಿಗೆ ಸಭೆ, ಮೇಲೆ ಗ್ಯಾಸ್‌ಲೈಟು, ಮಡಿಲಲ್ಲಿ ಹೆಣ. ಆನೆಯ ಎಡಗಡೆ ನಿಂತು ಬಂದ ಜೀವ ಇನ್ನೆಷ್ಟೆಂದು ತಡೆದುಕೊಂಡೀತು? “ಅಯ್ಯೋ ಕಂದಾ, ಇದನ್ನು ಓದುವ ಭಾಗ್ಯವೂ ನಿನಗಿಲ್ಲದೆ ಹೋಯಿತೇ!” ಎಂದು ಅವರು ಎತ್ತರದ ಸ್ವರದಲ್ಲಿ ತೆಗೆದ ಆ ಗೋಳಿಗೆ ಹೆಂಗಸರ ಕಡೆಯಲ್ಲಿ ಸೆರಗುಗಳು ಕಣ್ಣಿಗೇರಿದವು, ಅಮಲ್ದಾರರು ಮೂಗು ಒರೆಸಿಕೊಂಡರು.

ಸ್ವಲ್ಪ ಹೊತ್ತು ನಿಶ್ಶಬ್ದ. ಆಮೇಲೆ ಕಟ್ಟಕಡೆಯ ಸಾಲಿನಿಂದ ಯಾರೋ “ಒನ್ಸ್ ಮೋರ್!” ಎಂದು ಕೂಗಿದರು. ಇನ್ನೊಬ್ಬ ಕೂಗಿದ. ಸಭೆಯೆಲ್ಲ ಕೂಗಿತು.

ನಾನು ಅಲುಗಾಡಲಿಲ್ಲ. ಮೇಷ್ಟ್ರು ತಲೆಯೆತ್ತಿ ಸಭೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಬಳಿಕ ನನ್ನ ಎದೆಯ ಮೇಲಿನ ಪುಸ್ತಕವನ್ನು ಮೆಲ್ಲನೆ ಎತ್ತಿ ಮುಖ್ಯ ಅತಿಥಿಗಳ ಕೈಗೆ ಹಿಂದಕ್ಕೆ ಕೊಟ್ಟು, ಸೈಡ್ ವಿಂಗಿಗೆ ಹೋಗಿ, ಅಂಗವಸ್ತ್ರವನ್ನು ಸರಿಪಡಿಸಿಕೊಂಡು, ಅಲ್ಲಿಂದ ಮತ್ತೆ ಬಂದರು.