ದಮ್ಮಿಲ್ಲದ ಖಡ್ಗ

ಹೆಣ್ಣು ನೋಡಲು ಹೋದರೆ ತಟ್ಟೆಯಲ್ಲಿಟ್ಟ ಅವಲಕ್ಕಿ ಮುಗಿಯುವಷ್ಟರಲ್ಲಿ ‘ಹೂಂ’ ಅಂದು ಎದ್ದುಬರುವ ನಮ್ಮ ಹುಲಸೂರಿನ ಹುಡುಗರು, ವಿಡಿಯೊ ಗೇಮಿನ ವೀರನ ಕೈಗೆ ಯಾವ ಆಯುಧ ಕೊಡಬೇಕು ಎಂಬ ಮಾತು ಬಂದರೆ ಮಾತ್ರ ವಾರಗಟ್ಟಲೆ ನಿದ್ದೆ ಬಿಡುತ್ತಾರೆ. ಎರಡೂ ಕೈಯಲ್ಲಿ ಹಿಡಿಯುವ ದೊಡ್ಡ ಖಡ್ಗವೋ, ಕೈಗೊಂದು ಸಣ್ಣ ಕತ್ತಿಯೋ? ಗದೆಯೋ, ಕೊಡಲಿಯೋ? ಢಾಲು ಇರಲೋ, ಬೇಡವೋ? ಇದಕ್ಕೆಲ್ಲ ಸೇರಿ ಅವರು ‘ಬಿಲ್ಡ್’ ಅನ್ನುತ್ತಾರೆ. ಮಂತ್ರ ಹಾಕುವವನು ದೂರ ನಿಂತು ಬೆಂಕಿ ಎಸೆದು ಪಾರಾಗುತ್ತಾನೆ. ಬಿಲ್ಲಿನವನಿಗೆ ಬಂಡೆಯ ಮರೆಯಿದೆ. ಮೈಮೇಲೆ ಏರಿಹೋಗಿ ಹೊಡೆಯುವ ಮೆಲೇ ಬಿಲ್ಡಿನವನಿಗೆ ಆ ಸೌಕರ್ಯವಿಲ್ಲ. ರಾಕ್ಷಸ ಬೆಳಿಗ್ಗೆ ಬಾಯಿ ತೊಳೆದಿದ್ದಾನೋ ಇಲ್ಲವೋ ಎಂದು ಗೊತ್ತಾಗುವಷ್ಟು ಹತ್ತಿರ ಹೋಗಬೇಕು. ಹಾಗಾಗಿ ಚರ್ಚೆಯೂ ಅವರದ್ದೇ ಜೋರು.

ಬೀದರ್ ಜಿಲ್ಲೆಗೆ ಹೊಸದಾಗಿ ಮೂರು ತಾಲ್ಲೂಕು ಸಿಕ್ಕವಲ್ಲ, ಚಿಟಗುಪ್ಪ, ಕಮಲನಗರದ ಜೊತೆಗೆ ನಮ್ಮದೂ ಒಂದು. ಕಚೇರಿಗಳು ಒಂದೊಂದಾಗಿ ಬರಬೇಕು. ರಾಕ್ಷಸರು ಮಾತ್ರ ಒಮ್ಮೆಗೇ ಬಂದುಬಿಟ್ಟರು. ಅವರು ಬಂದ ಗಾಡಿಯ ಹೆಸರು ‘ಎಲ್ಡನ್ ರಿಂಗ್’. 2022ರ ಫೆಬ್ರುವರಿಯಲ್ಲಿ ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ ತಂದ ಆಟ. ನಿರ್ದೇಶಕ ಹಿಡೆಟಾಕ ಮಿಯಾಝಾಕಿ. ಆ ಲೋಕದ ಪುರಾಣ ಬರೆದುಕೊಟ್ಟವರು ‘ಗೇಮ್ ಆಫ್ ಥ್ರೋನ್ಸ್’ ಖ್ಯಾತಿಯ ಜಾರ್ಜ್ ಆರ್. ಆರ್. ಮಾರ್ಟಿನ್. ಅದರಲ್ಲಿ ವೀರನಿಗೆ ಎಂಟು ಗುಣ. ಪ್ರಾಣಕ್ಕೆ ವಿಗರ್, ದಮ್ಮಿಗೆ ಎಂಡ್ಯೂರೆನ್ಸ್, ತೋಳಿಗೆ ಸ್ಟ್ರೆಂಥ್, ಕೈಚಳಕಕ್ಕೆ ಡೆಕ್ಸ್‌ಟೆರಿಟಿ. ಉಳಿದ ನಾಲ್ಕು ಹೆಚ್ಚುಕಡಿಮೆ ಮಂತ್ರ ತಂತ್ರದವರ ಪಾಲು. ಒಂದು ಲೆವೆಲ್ ಏರಿದರೆ ಒಂದೇ ಪಾಯಿಂಟು. ಅದನ್ನು ಎಲ್ಲಿ ಹಾಕುವುದು? ಮಹಾಭಾರತ ಶುರುವಾಗುವುದು ಇಲ್ಲಿಂದ.

ಈ ವೀರರನ್ನು ಹತ್ತಿರದಿಂದ ನೋಡಿ ನಾನು ಅವರಲ್ಲಿ ಕೆಲವು ಜಾತಿ ಮಾಡಿದ್ದೇನೆ. ಬಸವಣ್ಣನವರ ನೆಲದಲ್ಲಿ ಕೂತು ಜಾತಿ ಮಾಡಬಾರದು, ನಿಜ. ಆದರೆ ಇವರು ತಾವಾಗಿಯೇ ಬೇರೆ ಬೇರೆ ಕಟ್ಟೆ ಹಿಡಿದು ಕೂತರೆ ನಾನೇನು ಮಾಡಲಿ?

ಮೊದಲನೆಯವರು ದೊಡ್ಡ ಖಡ್ಗದವರು. ನಿಯಮವೊಂದುಂಟು: ಆಸಾಮಿ ಎಷ್ಟು ಬಡಕಲೋ ಅವನ ಖಡ್ಗ ಅಷ್ಟು ದಪ್ಪ. ಸೋಯಾ ಚೀಲ ಎತ್ತು ಅಂದರೆ ಸೊಂಟ ಹಿಡಿದುಕೊಳ್ಳುವ ಹುಡುಗ ಆಟದಲ್ಲಿ ಎಮ್ಮೆಗಾತ್ರದ ಕಬ್ಬಿಣ ಹೊತ್ತು ತಿರುಗುತ್ತಾನೆ. ಅದನ್ನು ಎತ್ತಿ, ತಲೆಯ ಮೇಲೆ ಒಯ್ದು, ಕೆಳಗೆ ಹಾಕುವಷ್ಟರಲ್ಲಿ ರಾಕ್ಷಸ ಬಸವಕಲ್ಯಾಣಕ್ಕೆ ಹೋಗಿ ಸಂತೆ ಮುಗಿಸಿಕೊಂಡು ಬರಬಹುದು. ಬಿದ್ದರೆ ಮಾತ್ರ ಬಿದ್ದಿತೇ. ಆ ಒಂದು ಏಟಿನ ಸುಖಕ್ಕೆ ಇವರು ಇಪ್ಪತ್ತು ಸಲ ಸಾಯಲು ತಯಾರು.

ಎರಡನೆಯವರು ಡೆಕ್ಸ್‌ನವರು. ಜಪಾನಿನ ಕಟಾನಾ ಬಿಟ್ಟು ಬೇರೆ ಮುಟ್ಟುವುದಿಲ್ಲ. ಸರಸರ ನಾಲ್ಕು ಗೀರು, ಆಮೇಲೆ ನೆಲದ ಮೇಲೆ ಒಂದು ಲಾಗ. ಮತ್ತೆ ಗೀರು, ಮತ್ತೆ ಲಾಗ. ಅದೇ ಆಟದಲ್ಲಿ ನಮ್ಮ ದೇಶದ ಕಟಾರಿಯೂ ಇದೆ, ಕೇರಳದ ಕಳರಿಯವರು ಬೀಸುವ ಉರುಮಿಯೂ ಇದೆ. 2024ರಲ್ಲಿ ಬಂದ ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ ಎಂಬ ಮುಂದುವರಿದ ಭಾಗದಲ್ಲಿ ಪಟ್ಟಾ ಕೂಡ ಬಂತು. ಕೈಯನ್ನೇ ಮುಚ್ಚುವ ಲೋಹದ ಗವಸು, ಅದರ ತುದಿಗೆ ಉದ್ದನೆಯ ಅಲಗು. ಗಡಿಯಾಚೆ ಶಿವಾಜಿ ಜಯಂತಿಯ ಮೆರವಣಿಗೆಯಲ್ಲಿ ಹುಡುಗರು ಗಿರಗಿರ ತಿರುಗಿಸುವ ದಾಂಡಪಟ್ಟಾ ಅದೇ. ನಮ್ಮವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ.

ಮೂರನೆಯವರು ಢಾಲಿನವರು. ಇವರು ಮುಂದೆ ಸರಕಾರಿ ನೌಕರಿಗೆ ಸೇರುತ್ತಾರೆ ಎಂದು ಈಗಲೇ ಬರೆದುಕೊಡಬಲ್ಲೆ. ಗುರಾಣಿಯ ಹಿಂದೆ ಮುಖ ಹುದುಗಿಸಿ ರಾಕ್ಷಸನ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ಹೊಡೆಯಪ್ಪಾ ಅಂದರೆ, ‘ತಡೀರಿ, ಇನ್ನೂ ಟೈಮ್ ಬಂದಿಲ್ಲ’ ಅನ್ನುತ್ತಾರೆ. ಆ ಟೈಮು ನಿವೃತ್ತಿಯತನಕ ಬರುವುದಿಲ್ಲ.

ನಾಲ್ಕನೆಯವರು ‘ಅದೂ ಇರ್ಲಿ, ಇದೂ ಇರ್ಲಿ’ ಪಂಗಡ. ಕತ್ತಿಗೆ ನಾಲ್ಕು ಪಾಯಿಂಟು, ಮಂತ್ರಕ್ಕೆ ನಾಲ್ಕು, ಭಕ್ತಿಗೆ ನಾಲ್ಕು. ರಾಕ್ಷಸ ಎದುರಿಗೆ ಬಂದಾಗ ಕತ್ತಿ ಮೊಂಡು, ಮಂತ್ರ ಅರ್ಧ, ದೇವರು ಊರಲ್ಲಿಲ್ಲ.

ಐದನೆಯವರು ಎಲ್ಲರಿಗಿಂತ ಜ್ಞಾನಿಗಳು. ಯಾವ ಆಯುಧಕ್ಕೆ ಎಷ್ಟು ತೂಕ, ಯಾವ ಗುಣ ಎಷ್ಟಕ್ಕೆ ಏರಿಸಿದ ಮೇಲೆ ಲಾಭ ಇಳಿಯುತ್ತದೆ, ಎಲ್ಲ ಬಾಯಿಪಾಠ. ರಾತ್ರಿಯೆಲ್ಲ ಬಿಲ್ಡಿನ ವಿಡಿಯೊ ನೋಡುತ್ತಾರೆ. ಆಟ ಮಾತ್ರ ಇನ್ನೂ ಶುರು ಮಾಡಿಲ್ಲ.

ಮೊದಲು ಈ ತಲೆನೋವೇ ಇರಲಿಲ್ಲ ನೋಡಿ. ಇಂಥ ಆಟಗಳಿಗೆಲ್ಲ ಮುತ್ತಜ್ಜನಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಬಂದಾಗ ಇದ್ದದ್ದು ಮೂರೇ ವರ್ಗ: ಹೊಡೆಯುವವ, ಮಂತ್ರವಾದಿ, ಪುರೋಹಿತ. ತೋಳಬಲ ಎಷ್ಟು, ಬುದ್ಧಿ ಎಷ್ಟು ಎಂಬುದನ್ನು ಮೂರು ದಾಳ ಉರುಳಿಸಿ ನೋಡುತ್ತಿದ್ದರು. ಮೂರು ಬಿದ್ದರೆ ಮೂರು, ಹದಿನೆಂಟು ಬಿದ್ದರೆ ಹದಿನೆಂಟು. ಹಣೆಬರಹ ಅಂದುಕೊಂಡು ಆಡಬೇಕು. ಈಗ ಹಣೆಬರಹವನ್ನೂ ತಿದ್ದಬಹುದು. ಬೆಲ್ಜಿಯಮ್ಮಿನ ಲೇರಿಯನ್ ಕಂಪನಿ 2023ರಲ್ಲಿ ತಂದ ‘ಬಾಲ್ಡರ್ಸ್ ಗೇಟ್ 3’ರಲ್ಲಿ ವಿದರ್ಸ್ ಎಂಬ ಒಣಕಲು ಮುದುಕನಿದ್ದಾನೆ. ಅವನ ಕೈಗೆ ನೂರು ಬಂಗಾರದ ನಾಣ್ಯ ಇಟ್ಟರೆ ನಿನ್ನೆಯ ಗದಾಧಾರಿ ಇಂದು ಬರಿಗೈ ಸನ್ಯಾಸಿ. ಹನ್ನೆರಡು ವರ್ಗಗಳಲ್ಲಿ ಬೇಕಾದಲ್ಲಿಗೆ ಹಾರಬಹುದು. ಚುನಾವಣೆ ಹತ್ತಿರ ಬಂದಾಗ ನಮ್ಮ ಮುಖಂಡರಿಗೂ ಇಂಥ ಒಬ್ಬ ಮುದುಕ ಸಿಗುತ್ತಾನೇನೋ, ನನಗೆ ಗುಮಾನಿ.

2011ರ ‘ಸ್ಕೈರಿಮ್’ ಆಡಿದವರ ಕಥೆ ಇನ್ನೂ ಚಂದ. ಶುರುವಿನಲ್ಲಿ ಎಲ್ಲರೂ ಎರಡು ಕೈಯ ಕೊಡಲಿ ಹಿಡಿದು ಗುಡುಗುತ್ತಾರೆ. ಕೆಲವು ದಿನ ಬಿಟ್ಟು ನೋಡಿದರೆ ಅದೇ ಮಹಾಶಯ ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಬಿಲ್ಲು ಎಳೆಯುತ್ತಿರುತ್ತಾನೆ. ಜಗತ್ತಿನ ಎಲ್ಲ ದೇಶದ ಆಟಗಾರರೂ ತಮ್ಮನ್ನು ತಾವೇ ಇದಕ್ಕಾಗಿ ಗೇಲಿ ಮಾಡಿಕೊಳ್ಳುತ್ತಾರೆ.

ಇಷ್ಟೆಲ್ಲ ವಿಡಿಯೊ ನೋಡುವ ಹುಡುಗರಿಗೆ ಗೊತ್ತಿಲ್ಲದ್ದೊಂದಿದೆ. ಬಿಲ್ಡ್ ಹೇಗೆ ಕಟ್ಟಬೇಕು ಎಂಬ ಪುಸ್ತಕ ನಮ್ಮ ಪಕ್ಕದ ಕಲ್ಯಾಣದಲ್ಲೇ ಹುಟ್ಟಿದೆ, ಅದೂ ಒಬ್ಬ ರಾಜನ ಹೆಸರಿನಲ್ಲಿ. ಚಾಲುಕ್ಯರ ಆರನೇ ವಿಕ್ರಮಾದಿತ್ಯ 1076ರಿಂದ ಐವತ್ತು ವರ್ಷ ಆಳಿ, ಪಾಯಿಂಟುಗಳನ್ನೆಲ್ಲ ಕತ್ತಿಗೆ ಹಾಕಿದ. ಮಗ ಮೂರನೇ ಸೋಮೇಶ್ವರ ಬಂದವನೇ ಎಲ್ಲವನ್ನೂ ಬುದ್ಧಿಗೆ ಸುರಿದ. 1129ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥ ಮಾಡಿದ. ಅಡುಗೆಯಿಂದ ಆನೆಯತನಕ ಅದರಲ್ಲಿಲ್ಲದ್ದಿಲ್ಲ. ಅದರಲ್ಲೊಂದು ಮಲ್ಲವಿನೋದ. ಕುಸ್ತಿಯವರನ್ನು ವಯಸ್ಸು, ಮೈಕಟ್ಟು, ಶಕ್ತಿ ನೋಡಿ ವಿಂಗಡಿಸುತ್ತಾನೆ. ಏನು ವ್ಯಾಯಾಮ ಮಾಡಬೇಕು, ಏನು ಉಣ್ಣಬೇಕು ಹೇಳುತ್ತಾನೆ: ಬೇಳೆ, ಮಾಂಸ, ಹಾಲು, ಸಕ್ಕರೆ, ಮೇಲೆ ಒಳ್ಳೆಯ ಸಿಹಿತಿಂಡಿ. ಖರ್ಚೆಲ್ಲ ಅರಮನೆಯದು. ಜಟ್ಟಿಗಳನ್ನು ಅರಮನೆಯ ಹೆಂಗಸರಿಂದ ದೂರ ಇಡಬೇಕೆಂಬ ಕಟ್ಟಳೆಯೂ ಇದೆ. ಇಂದಿನ ಕಾಲಕ್ಕೆ ಅದನ್ನು, ರೀಲ್ಸ್ ಬಂದ್ ಮಾಡಿ ಮಲಗು, ಎಂದು ಓದಿಕೊಳ್ಳಬೇಕು. ಮಜಾ ಇರುವುದು ಮುಂದೆ. ಊಟ, ಕಸರತ್ತಿಗೆ ಇಷ್ಟು ತಲೆ ಕೆಡಿಸಿಕೊಂಡ ರಾಜ, ಕುಸ್ತಿಯ ಡಾವುಗಳ ಹೆಸರಷ್ಟೇ ಹೇಳಿ ಸುಮ್ಮನಾಗುತ್ತಾನೆ. ಹೇಗೆ ಹಾಕಬೇಕು ಎಂಬ ವಿವರಣೆಯೇ ಇಲ್ಲ. ಮೊದಲು ಮೈ ಕಟ್ಟಿಕೊಂಡು ಬಾ, ಡಾವು ಮಣ್ಣಿನಲ್ಲಿ ಕಲಿತೀಯಂತೆ ಎಂಬ ಧಾಟಿ.

ನಮ್ಮ ಹುಡುಗರದು ಉಲ್ಟಾ ದಾರಿ. ನನ್ನ ಅಕ್ಕನ ಮಗನದನ್ನೇ ನೋಡಿ. ಎಲ್ಡನ್ ರಿಂಗಿನ ‘ಗ್ರೇಟ್‌ಸ್ವೋರ್ಡ್’ ಎತ್ತಲು ಸ್ಟ್ರೆಂಥ್ 31 ಬೇಕು. ‘ಮಾಮಾ, ಎರಡೂ ಕೈಯಾಗ ಹಿಡದ್ರ ಸ್ಟ್ರೆಂಥ್ ಒಂದೂವರಿ ಪಟ್ಟು ಆಗ್ತದ. ಅಂದ್ರ 21 ಇದ್ರೂ ನಡೀತದ’ ಅಂದ. ಹತ್ತನೆಯ ತರಗತಿ ಗಣಿತದಲ್ಲಿ ಈ ಚುರುಕುತನ ಎಲ್ಲಿ ಅಡಗಿತ್ತೋ! ಖಡ್ಗದ ತೂಕ 23. ಹೊರುವ ತಾಕತ್ತಿನ ನೂರಕ್ಕೆ 70 ಪಾಲು ದಾಟಿತೆಂದರೆ ಈ ಆಟದಲ್ಲಿ ವೀರ ಚಂಗನೆ ಉರುಳುವುದಿಲ್ಲ, ಧೊಪ್ಪನೆ ಬೀಳುತ್ತಾನೆ. ‘ಝರಾ ತಡೀರಿ ಮಾಮಾ, ಟೋಪಿ ತಗೀತೀನಿ.’ ಟೋಪಿ ಹೋಯಿತು. ಸಾಲಲಿಲ್ಲ. ಕೈಗವಸು ಹೋಯಿತು. ಆಮೇಲೆ ಎದೆಗವಚ. ಕೊನೆಗೆ ಚಲ್ಲಣವೂ ಹೋಯಿತು. ದಮ್ಮಿಗೆ ನಾಲ್ಕು ಪಾಯಿಂಟು ಹಾಕಿದ್ದರೆ ಹೊರುವ ತಾಕತ್ತೂ ಏರಿ ಮರ್ಯಾದೆ ಉಳಿಯುತ್ತಿತ್ತು. ಖಡ್ಗ ಉಳಿಸಿಕೊಳ್ಳಲು ಅಳಿಯ ಮಾನ ಬಿಟ್ಟ. ಹಾಗೆ ಬಯಲಿಗೆ ಇಳಿದವನನ್ನು, ಆಟದ ಶುರುವಿನಲ್ಲೇ ಸಿಗುವ ಬಂಗಾರದ ಕವಚದ ಕುದುರೆ ಸವಾರ ಮತ್ತೆ ಮತ್ತೆ ತುಳಿದು ಹಾಕಿದ.

ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ ನಮ್ಮ ಓಣಿಯ ಮುತ್ಯಾ ಇದನ್ನೆಲ್ಲ ನೋಡುತ್ತಿದ್ದರು. ವಯಸ್ಸಿನಲ್ಲಿ ಜಾತ್ರೆಯ ಕಣದಲ್ಲಿ ತೆಂಗಿನಕಾಯಿ ಕುಸ್ತಿಯಿಂದ ಶುರು ಮಾಡಿ ಬೆಳ್ಳಿ ಕಡಗದವರೆಗೆ ಆಡಿದ ಆಸಾಮಿ.

‘ತಮ್ಮಾ, ಮ್ಯಾಲ ಆ ಹಸರ ಪಟ್ಟಿ ಏನೋ ಅದು?’

‘ಸ್ಟ್ಯಾಮಿನಾ, ಮುತ್ಯಾ. ದಮ್ಮು.’

‘ಅದು ಖಾಲಿ ಆದ ಕೂಡ್ಲೇ ನೀ ಸಾಯ್ಲಾತಿ ನೋಡು. ಪ್ರತಿ ಸಲಾ ಹಂಗೇ. ನಿನ್ ಪೈಲ್ವಾನಗ ತೋಳ್ ಅದ, ಖಡ್ಗ ಅದ. ದಮ್ಮೇ ಇಲ್ಲಲ್ಲೋ! ಮೂರ್ ಏಟ್ ಹಾಕ್ದಾಂವ ನಾಕನೇದಕ್ಕ ನಿಂತೇ ಬಿಡ್ತಾನ.’

ಅಳಿಯ ಬಾಯಿ ಬಿಟ್ಟು ನೋಡಿದ. ಅಷ್ಟು ವಿಡಿಯೊ ನೋಡಿದ್ದರೂ ಆ ಹಸಿರು ಪಟ್ಟಿಯ ಕಡೆ ಅವನ ಕಣ್ಣು ಹೋಗಿರಲಿಲ್ಲ. ಮುತ್ಯಾ ಮುಂದುವರಿಸಿದರು: ‘ತಾಲೀಮಿನ್ಯಾಗ ನಮ್ ಉಸ್ತಾದ್ ಮೊದಲ ಬರೇ ಬೈಠಕ್ ಹೊಡಸ್ತಿದ್ದ. ಡಾವ್ ಕಲಸ್ರೀ ಅಂದ್ರ, ಮಣ್ಣು ಹದಾ ಮಾಡು ಹೋಗು ಅಂತಿದ್ದ.’ ಮಾನಸೋಲ್ಲಾಸದ ಹೆಸರನ್ನೂ ಕೇಳದ ಮುತ್ಯಾ ಸೋಮೇಶ್ವರನ ಮಾತನ್ನೇ ಆಡಿದರು.

ತೋಳು ದೊಡ್ಡದೋ ಕೈಚಳಕ ದೊಡ್ಡದೋ ಎಂಬ ಜಗಳವಂತೂ ನಮಗೆ ಹೊಸದಲ್ಲ. ಅದೇ ಚಾಲುಕ್ಯ ಮನೆತನದ ಆಶ್ರಯದಲ್ಲಿದ್ದ ರನ್ನ ಗದಾಯುದ್ಧವನ್ನೇ ಕಾವ್ಯ ಮಾಡಿ, ಭೀಮನಲ್ಲಿ ತನ್ನ ದೊರೆ ಸತ್ಯಾಶ್ರಯನನ್ನು ಕಂಡ. ವ್ಯಾಸಭಾರತದಲ್ಲಿ ಕೃಷ್ಣನೇ ಅರ್ಜುನನ ಹತ್ತಿರ ಒಪ್ಪಿಕೊಳ್ಳುತ್ತಾನೆ: ಬಲದಲ್ಲಿ ಭೀಮ ಮೇಲು, ಪಳಗಿದ ಕೈ ಮಾತ್ರ ದುರ್ಯೋಧನನದು. ಹದಿಮೂರು ವರ್ಷ ಕಬ್ಬಿಣದ ಭೀಮನನ್ನು ಎದುರಿಗೆ ನಿಲ್ಲಿಸಿಕೊಂಡು ಸಾಧನೆ ಮಾಡಿದ್ದವನು ಅವನು. ಅಪ್ಪಟ ಸ್ಟ್ರೆಂಥ್, ಅಪ್ಪಟ ಡೆಕ್ಸ್, ಮುಖಾಮುಖಿ. ಕೊನೆಗೆ ಗೆದ್ದದ್ದು ಎರಡೂ ಅಲ್ಲ. ತೊಡೆಗೆ ಬಿದ್ದ ನಿಯಮಬಾಹಿರ ಏಟು. ಇಂಥದನ್ನು ಈಗಿನ ಆಟಗಾರರು ‘ಚೀಸ್’ ಅನ್ನುತ್ತಾರೆ. ಬಲರಾಮ ಆಗಲೇ ಸಿಟ್ಟಾಗಿ ನೇಗಿಲು ಎತ್ತಿದ್ದ.

ಆಯುಧಕ್ಕಿಂತ ಮೈಯ ಹದ ಮೊದಲು ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಹೋಗಿ ಖಡ್ಗ ಹಿಡಿದ ಪುರವಂತರ ಕುಣಿತ ನೋಡಿ. ಎಲ್ಲರ ಕಣ್ಣೂ ಖಡ್ಗದ ಮೇಲಿರುತ್ತದೆ. ನೀವು ಒಂದು ಸಲ ಕಾಲು ನೋಡಿ. ಸಮಾಳದ ಪೆಟ್ಟಿಗೆ ಹೆಜ್ಜೆ ಬಿದ್ದ ಮೇಲೇ ಖಡ್ಗ ಏಳುವುದು.

ಇನ್ನೂ ನಂಬಿಕೆ ಬರದವರಿಗೆ ಕೊನೆಯದೊಂದು ಸಾಕ್ಷಿ. ಎಲ್ಡನ್ ರಿಂಗಿನಲ್ಲಿ ಮಲೇನಿಯಾ ಎಂಬ ವೀರನಾರಿಯಿದ್ದಾಳೆ. ಅವಳು ನಮ್ಮನ್ನು ಹೊಡೆದಷ್ಟೂ ಅವಳ ಗಾಯವೇ ವಾಸಿಯಾಗುತ್ತದೆ. ಲೋಕದ ದೊಡ್ಡ ದೊಡ್ಡ ಬಿಲ್ಡಿನವರೆಲ್ಲ ಅವಳ ಕಾಲಬುಡದಲ್ಲಿ ಮಣ್ಣಾದರು. ಆಗ 2022ರಲ್ಲಿ ‘ಲೆಟ್ ಮಿ ಸೋಲೋ ಹರ್’ ಎಂಬ ಹೆಸರಿನ ಆಟಗಾರನೊಬ್ಬ ಕಂಡವರ ಸಹಾಯಕ್ಕೆ ಬರತೊಡಗಿದ. ತಲೆಯ ಮೇಲೊಂದು ಗಡಿಗೆ, ಸೊಂಟಕ್ಕೆ ತುಂಡು ಬಟ್ಟೆ, ಕೈಯಲ್ಲಿ ಎರಡು ಕಟಾನಾ, ಅಷ್ಟೇ. ಒಬ್ಬನೇ ನಿಂತು ಸಾವಿರ ಸಲ ಅವಳನ್ನು ಕೆಡವಿದ. ಆಟದ ಪ್ರಕಾಶಕರಾದ ಬಂದಾಯ್ ನಾಮ್ಕೋದವರು ಮೆಚ್ಚಿ ಅವನಿಗೆ ನಿಜವಾದ ಕತ್ತಿಯನ್ನೇ ಉಡುಗೊರೆ ಕಳಿಸಿದರು. ಅವನ ಚಿತ್ರ ತೋರಿಸಿದಾಗ ಮುತ್ಯಾ, ‘ಇಂವ ನಮ್ಮಾಂವ. ಲಂಗೋಟಿ ಮ್ಯಾಲ ನಿಂತಾನ’ ಅಂದರು. ಅಳಿಯನೂ ಚಲ್ಲಣ ಬಿಟ್ಟಿದ್ದ, ಇವನೂ ಬಿಟ್ಟಿದ್ದ. ಇವನು ಅವಳ ಒಂದೊಂದು ಏಟಿನ ತಾಳವನ್ನೂ ಮೈಗೂಡಿಸಿಕೊಂಡು ಬಿಟ್ಟಿದ್ದ. ವ್ಯತ್ಯಾಸ ಅಲ್ಲಿತ್ತು.

ಆದ್ದರಿಂದ ಹುಲಸೂರ, ಬಸವಕಲ್ಯಾಣ, ಹುಮನಾಬಾದಿನ ಸಮಸ್ತ ಗದಾಧಾರಿ ಖಡ್ಗಧಾರಿಗಳಲ್ಲಿ ನನ್ನ ವಿನಂತಿ. ಆಯುಧ ಯಾವುದಾದರೂ ಆರಿಸಿ, ಚಹಾ ಆರುವುದರೊಳಗೆ ಆರಿಸಿ. ದೊಡ್ಡ ಖಡ್ಗ ತಪ್ಪಲ್ಲ, ಕಟಾನಾ ಪಾಪವಲ್ಲ, ಢಾಲು ಹಿಡಿದವ ಹೇಡಿಯೂ ಅಲ್ಲ. ಕೈಗೆ ಬಂದ ಪಾಯಿಂಟನ್ನು ಮೊದಲು ಪ್ರಾಣಕ್ಕೂ ದಮ್ಮಿಗೂ ಹಾಕಿ. ಉಳಿದದ್ದನ್ನು ಒಂದೇ ಆಯುಧಕ್ಕೆ ಹಾಕಿ. ಸತ್ತಾಗ ಹೊಸ ವಿಡಿಯೊ ಹುಡುಕುವ ಬದಲು ಆ ಹಸಿರು ಪಟ್ಟಿ ನೋಡಿ. ಇಷ್ಟಾದರೂ ಕುದುರೆ ಸವಾರ ಬೀಳದಿದ್ದರೆ ಲ್ಯಾಪ್‌ಟಾಪ್ ಮುಚ್ಚಿ, ಮನೆಯ ಸೋಯಾ ಚೀಲ ನಾಲ್ಕು ಎತ್ತಿಡಿ. ಆಟದ ವೀರನಿಗೆ ದಮ್ಮು ಬರಲಿ ಬಿಡಲಿ, ಅಪ್ಪನ ಬೈಗುಳವಾದರೂ ತಪ್ಪುತ್ತದೆ.